ಬೆಲೆಯನ್ನು ಮುಚ್ಚಿಟ್ಟರೆ ಖರ್ಚು ಹೋಗದು
(ಹೊಸೂರು ಪ್ರಾಂತದ ಕನ್ನಡಿಗರ ವಾರ್ಷಿಕೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ವಾರ್ಷಿಕೋತ್ಸವದ ಸಭೆಯಲ್ಲಿ ಸಾಹಿತ್ಯದ ಮಾತನ್ನು ನಿರೀಕ್ಷಿಸುವುದು ಸಹಜವಾದುದು. ಆದರೆ ಅರ್ಥವ್ಯವಹಾರದ ವಿಚಾರವೂ ಕನ್ನಡದಲ್ಲಿ ನಡೆಯದಿದ್ದರೆ ನಮ್ಮ ಭಾಷೆ ಹಬ್ಬದ ದಿನದ ಉಡುಪಾಗಿ ಉಳಿದೀತು. ನಮ್ಮ ಮನೆಯ ದೀಪ, ಹೊಲದ ಪಂಪು, ಒಲೆಯ ಅನಿಲ, ಇವುಗಳ ಬೆಲೆಯನ್ನು ಯಾರು ಗೊತ್ತುಮಾಡಬೇಕು, ಅದರ ಭಾರವನ್ನು ಯಾರು ಹೊರಬೇಕು ಎಂಬುದೇ ನಾವು ಇಂದು ಆರಿಸಿಕೊಂಡ ವಿಷಯ.

ಇದಕ್ಕೆ ಸ್ಥಳದ ಕಾರಣವೂ ಉಂಟು. ಸರ್ಕಾರದ ಆರ್ಥಿಕ ನಿಯಂತ್ರಣವನ್ನು ನಿರ್ಭಯವಾಗಿ ಟೀಕಿಸಿದವರಲ್ಲಿ ಅಗ್ರಗಣ್ಯರಾದ ಚಕ್ರವರ್ತಿ ರಾಜಗೋಪಾಲಾಚಾರಿಯವರು 1878ರ ಡಿಸೆಂಬರ್ 10ರಂದು ಹುಟ್ಟಿದುದು ಇಲ್ಲಿಗೆ ಸಮೀಪದ ತೊರಪಳ್ಳಿಯಲ್ಲಿ. ಹೊಸೂರಿನ ಶಾಲೆಯಲ್ಲಿ ಓದಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪದವಿಯ ವ್ಯಾಸಂಗ ಮಾಡಿದವರು ಅವರು. ಅವರ ಎಲ್ಲ ಮತಗಳನ್ನೂ ನಾವು ಒಪ್ಪಬೇಕೆಂದಿಲ್ಲ. 1953ರ ಅವರ ಶಿಕ್ಷಣ ಯೋಜನೆಯನ್ನು ನಾಡು ಒಪ್ಪಲಿಲ್ಲ. ಅವರು ಸರ್ಕಾರವೇ ಬೇಡವೆಂದವರೂ ಅಲ್ಲ. 1937ರಲ್ಲಿ ಅಂದಿನ ಸೇಲಂ ಜಿಲ್ಲೆಯಲ್ಲಿ ಪಾನನಿಷೇಧವನ್ನು ಜಾರಿಗೆ ತಂದವರು ಅವರೇ. ಆದರೂ ಬೆಲೆಯ ವಿಷಯದಲ್ಲಿ ಅವರು ಕಂಡ ಸತ್ಯವನ್ನು ಅವರ ನೆರೆಯವರಾದ ನಾವು ಮರೆಯಲಾಗದು.

1952ರಲ್ಲಿ ಅವರು ಮದರಾಸಿನ ಮುಖ್ಯಮಂತ್ರಿಗಳಾದಾಗ ಯುದ್ಧಕಾಲದಿಂದ ಬಂದ ಧಾನ್ಯದ ನಿಯಂತ್ರಣವೂ ಪಡಿತರವೂ ಇನ್ನೂ ಉಳಿದಿದ್ದವು. ಅಕ್ಕಿಯನ್ನು ಸಾಗಿಸಲು ಅಪ್ಪಣೆ, ಕೊಳ್ಳಲು ಚೀಟಿ, ಇವೆರಡೂ ಸಿಕ್ಕದವನಿಗೆ ಕಾಳಸಂತೆ. ಆ ವರ್ಷದ ಜೂನ್ ತಿಂಗಳಿನಲ್ಲಿ ಅವರು ಈ ಕಟ್ಟನ್ನು ಬಿಚ್ಚಿದರು. ಹಾಹಾಕಾರವೇಳುವುದೆಂದು ಹಲವರು ಅಂಜಿದ್ದರು. ಆದರೆ ಅಡಗಿದ್ದ ಅಕ್ಕಿ ಅಂಗಡಿಗೆ ಬಂದಿತು. ಕೇಂದ್ರದ ಆಹಾರ ಸಚಿವರಾಗಿದ್ದ ರಫಿ ಅಹಮದ್ ಕಿದ್ವಾಯಿಯವರೂ ಅದೇ ಹಾದಿ ಹಿಡಿದು, 1954ರ ಹೊತ್ತಿಗೆ ದೇಶದಲ್ಲೆಲ್ಲ ಧಾನ್ಯದ ನಿಯಂತ್ರಣವನ್ನು ಸಡಿಲಿಸಿದರು.

ಇದರ ಮರ್ಮವನ್ನು ನಮ್ಮ ಟೊಮೇಟೊ ಬೆಳೆಗಾರನು ಯಾವ ಗ್ರಂಥವನ್ನೂ ಓದದೆ ಬಲ್ಲನು. ಬೆಲೆಯೆಂಬುದು ಒಂದು ಸುದ್ದಿ. ಪದಾರ್ಥ ಕೊರತೆಯಾದಾಗ ಅದು ಏರಿ, ಬಳಸುವವನಿಗೆ ಮಿತವಾಗಿರೆಂದೂ ಬೆಳೆಯುವವನಿಗೆ ಇನ್ನಷ್ಟು ನೆಡೆಂದೂ ತಿಳಿಸುತ್ತದೆ. ಸುದ್ದಿಯನ್ನು ತಡೆದ ಮಾತ್ರಕ್ಕೆ ಕೊರತೆ ನೀಗುವುದಿಲ್ಲ.

ಆದರೂ ಕೈಗಾರಿಕೆಯಲ್ಲಿ ಕಟ್ಟು ಬಿಗಿಯಾಗುತ್ತಲೇ ಹೋಯಿತು. 1951ರ ಶಾಸನದಂತೆ ದೊಡ್ಡ ಕಾರ್ಖಾನೆಯನ್ನು ತೆರೆಯಲು ಪರವಾನಿಗೆ, ವಿಸ್ತರಿಸಲು ಮತ್ತೊಂದು ಪರವಾನಿಗೆ. ಜನರು ಸ್ಕೂಟರಿಗೆ ಹೆಸರು ಬರೆಸಿ ವರುಷಗಟ್ಟಲೆ ಕಾದರು. ರಾಜಾಜಿಯವರು 1959ರಲ್ಲಿ ಸ್ವತಂತ್ರ ಪಕ್ಷವನ್ನು ಸ್ಥಾಪಿಸಿ ‘ಪರ್ಮಿಟ್ ಲೈಸೆನ್ಸ್ ರಾಜ್ಯ’ವೆಂದು ಹಳಿದುದು ಈ ವ್ಯವಸ್ಥೆಯನ್ನೇ. 1972ರಲ್ಲಿ ಅವರು ದಿವಂಗತರಾದರು. ಎರಡೇ ವರ್ಷಗಳಲ್ಲಿ ಪಕ್ಷವೂ ಬೇರೊಂದರಲ್ಲಿ ಲೀನವಾಯಿತು. ಬಹುತೇಕ ಕೈಗಾರಿಕೆಗಳಿಗೆ ಪರವಾನಿಗೆ ಬೇಡವೆಂದು ಸರ್ಕಾರವೇ ಸಾರಿದುದು 1991ರ ಜುಲೈ ತಿಂಗಳಿನಲ್ಲಿ.

ಇಂಧನದ ಕಥೆ ಇನ್ನೂ ದೀರ್ಘವಾದುದು. 1956ರ ಕೈಗಾರಿಕಾ ನೀತಿಯು ಕಲ್ಲಿದ್ದಲು, ಖನಿಜತೈಲ, ವಿದ್ಯುತ್ತುಗಳನ್ನು ಸರ್ಕಾರದ ಹೊಣೆಯ ಪಟ್ಟಿಗೆ ಸೇರಿಸಿತು. 1973ರಲ್ಲಿ ಕಲ್ಲಿದ್ದಲ ಗಣಿಗಳ ರಾಷ್ಟ್ರೀಕರಣವು ಪೂರೈಸಿತು. ಮಾರಾಟಕ್ಕಾಗಿ ಗಣಿ ತೋಡಲು ಖಾಸಗಿಯವರಿಗೆ ಹರಾಜಿನ ಬಾಗಿಲು ತೆರೆದುದು 2020ರಲ್ಲಿ. ಪೆಟ್ರೋಲಿನ ಬೆಲೆ 2010ರಲ್ಲಿಯೂ ಡೀಸೆಲಿನ ಬೆಲೆ 2014ರಲ್ಲಿಯೂ ಸರ್ಕಾರದ ಕೈಯಿಂದ ಬಿಡುಗಡೆಯಾದವು. ಅದುವರೆಗೆ ರೈತನ ಹೆಸರಿನಲ್ಲಿ ಅಗ್ಗವಾಗಿದ್ದ ಡೀಸೆಲು ಸಿರಿವಂತರ ದೊಡ್ಡ ಕಾರುಗಳನ್ನೂ ಓಡಿಸಿತು. ಬಡವನ ದೀಪಕ್ಕೆಂದು ಬಂದ ಸೀಮೆಎಣ್ಣೆ ಕಲಬೆರಕೆಗಾರನ ಪೀಪಾಯಿಗೆ ಸೇರಿತು.

ಇನ್ನು ನಮ್ಮ ಹೊಲದ ವಿದ್ಯುತ್ತಿನ ಮಾತು. ತಮಿಳುನಾಡಿನಲ್ಲಿ 1984ರಲ್ಲಿ ಸಣ್ಣ ರೈತರಿಗೂ 1990ರಲ್ಲಿ ಎಲ್ಲ ರೈತರಿಗೂ ಪಂಪಿನ ವಿದ್ಯುತ್ತು ಉಚಿತವಾಯಿತು. 2016ರಲ್ಲಿ ಮನೆಗಳಿಗೆ ಎರಡು ತಿಂಗಳಿಗೆ 100 ಯೂನಿಟ್ಟುಗಳು ಉಚಿತವಾದವು. ಗಡಿಯಾಚೆಯ ಕರ್ನಾಟಕದಲ್ಲಿ 2008ರಲ್ಲಿ 10 ಅಶ್ವಶಕ್ತಿಯವರೆಗಿನ ಪಂಪುಗಳಿಗೂ, 2023ರಲ್ಲಿ ತಿಂಗಳಿಗೆ 200 ಯೂನಿಟ್ಟಿನವರೆಗೆ ಮನೆಗಳಿಗೂ ಇಂತಹದೇ ಕೊಡುಗೆ ಬಂದಿತು. ಗಡಿಯ ಎರಡು ಕಡೆಗಳಲ್ಲಿ ಭಾಷೆ ಬೇರೆಯಾದರೂ ವಾಗ್ದಾನ ಒಂದೇ.

ಈ ಕೊಡುಗೆಯ ಫಲವನ್ನು ವಿಚಾರಿಸೋಣ. ಕೊಳಗವಿಲ್ಲದ ಕಣದಲ್ಲಿ ರಾಶಿ ಎಷ್ಟೆಂದು ಯಾರೂ ಹೇಳಲಾರರು. ಮೀಟರಿಲ್ಲದ ಪಂಪು ಎಷ್ಟು ಬಳಸಿತು, ಸಾಗಾಟದಲ್ಲಿ ಎಷ್ಟು ಸೋರಿತು, ಎಷ್ಟು ಕಳುವಾಯಿತು ಎಂಬುದು ಒಂದರೊಳಗೊಂದು ಬೆರೆತುಹೋಗುತ್ತದೆ. ವಿದ್ಯುತ್ತಿಗೆ ಬೆಲೆಯಿಲ್ಲದ ಕಡೆ ನೀರಿಗೂ ಬೆಲೆಯಿಲ್ಲ, ಕೊಳವೆಬಾವಿ ಆಳಕ್ಕಿಳಿಯುತ್ತದೆ. ಆಳಕ್ಕೆ ಕೊರೆಸಬಲ್ಲವನಿಗೆ ಕೊಡುಗೆಯ ಸಿಂಹಪಾಲು; ಮಳೆಯನ್ನೇ ನಂಬಿ ರಾಗಿ ಬಿತ್ತುವ, ಬಾವಿಯಿಲ್ಲದ ಬಡರೈತನಿಗೆ ಏನೂ ಇಲ್ಲ. ನಷ್ಟವನ್ನು ತುಂಬಲು ಕಾರ್ಖಾನೆಗಳ ಮೇಲೆ ಹೆಚ್ಚಿನ ದರ ಬೀಳುತ್ತದೆ. ಅದು ನಾವು ಕೊಳ್ಳುವ ಸರಕಿನ ಬೆಲೆಯಲ್ಲಿ ಸೇರಿ ಮರಳುತ್ತದೆ. ಉಳಿದುದು ಸಾಲ. 2017ರ ಜನವರಿಯಲ್ಲಿ ತಮಿಳುನಾಡು ‘ಉದಯ್’ ಯೋಜನೆಗೆ ಸೇರಿದಾಗ, ವಿದ್ಯುತ್ ಸಂಸ್ಥೆಯ ಸಾಲದ ಮುಕ್ಕಾಲು ಪಾಲಾದ 22,815 ಕೋಟಿ ರೂಪಾಯಿಗಳನ್ನು ರಾಜ್ಯವೇ ಹೊತ್ತುಕೊಂಡಿತು. ರಾಜ್ಯವೆಂದರೆ ಬೆಂಕಿಪೊಟ್ಟಣ ಕೊಂಡಾಗಲೂ ತೆರಿಗೆ ತೆರುವ ನಾವೇ. 2012ರಲ್ಲಿ ದಿನಕ್ಕೆ ಹಲವು ಗಂಟೆಗಳ ಕಾಲ ವಿದ್ಯುತ್ತು ನಿಂತಾಗ ಉಚಿತದ ಮತ್ತೊಂದು ಮುಖವನ್ನೂ ಕಂಡೆವು. ಇಲ್ಲದ ವಿದ್ಯುತ್ತು ಎಷ್ಟು ಅಗ್ಗವಾದರೇನು?

ಪ್ರತಿಪಕ್ಷದ ಮಾತಿನಲ್ಲಿಯೂ ಹುರುಳಿದೆ. ಲಾಭವನ್ನೇ ನೋಡುವ ವ್ಯಾಪಾರಿಯು ಕಾಡಂಚಿನ ಹಳ್ಳಿಗೆ ಕಂಬ ನೆಡುತ್ತಿರಲಿಲ್ಲ. ಅಲ್ಲಿಗೆ ತಂತಿಯೆಳೆದುದು ಸರ್ಕಾರವೇ. ಬೆಳೆಗೆ ತಕ್ಕ ಬೆಲೆ ಕಾಣದ ರೈತನಿಗೆ ಒಂದೇ ದಿನ ಪೂರ್ಣ ದರದ ಬಿಲ್ಲನ್ನು ಕೊಡುವುದು ನ್ಯಾಯವಲ್ಲ. ಆದರೆ ಬಡವನಿಗೆ ನೆರವಾಗುವುದು ಬೇರೆ, ಬೆಲೆಯನ್ನು ಸುಳ್ಳುಮಾಡುವುದು ಬೇರೆ. 2015ರ ಜನವರಿಯಿಂದ ದೇಶದಲ್ಲೆಲ್ಲ ಅಡುಗೆ ಅನಿಲಕ್ಕೆ ಪೂರ್ಣ ಬೆಲೆ ತೆತ್ತು, ಸಹಾಯಧನವನ್ನು ಬ್ಯಾಂಕಿನ ಖಾತೆಯಲ್ಲಿ ಪಡೆಯುವ ಪದ್ಧತಿ ಬಂದಿತು. ಕೊಟ್ಟದ್ದು ಎಷ್ಟು, ಸಂದದ್ದು ಯಾರಿಗೆ ಎಂಬುದು ಅದರಲ್ಲಿ ಕಾಣುತ್ತದೆ. ವಿದ್ಯುತ್ತಿನಲ್ಲಿಯೂ ಹಾಗೆಯೇ ಮಾಡಬಹುದು: ಪ್ರತಿಯೊಂದು ಪಂಪಿಗೂ ಮೀಟರು, ರೈತನ ಕೈಗೆ ನೇರವಾಗಿ ನೆರವು, ಉಳಿತಾಯ ಮಾಡಿದವನಿಗೆ ಉಳಿದ ಹಣ. ಬಾವಿಯಿಲ್ಲದವನಿಗೂ ಆಗ ಒಂದು ಪಾಲು ಸಲ್ಲಬಹುದು.

ಬಂಧುಗಳೇ, ‘ಪುಕ್ಕಟೆ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ’ ಎಂಬ ಗಾದೆಯನ್ನು ನಮ್ಮ ಹಿರಿಯರು ಹೊಗಳಿಕೆಗಾಗಿ ಕಟ್ಟಿದುದಲ್ಲ. ಮತ ಕೇಳಲು ಬರುವವರು ಯಾವ ಪಕ್ಷದವರೇ ಆಗಲಿ, ಕೊಡುವ ಹಣ ಎಲ್ಲಿಂದ ಬರುವುದೆಂದು ಕೇಳುವ ಧೈರ್ಯ ನಮಗಿರಬೇಕು. ಚಂದಾ ಹಣದಿಂದ ನಡೆಯುವ ಈ ಸಂಘವು ವರ್ಷಕ್ಕೊಮ್ಮೆ ತನ್ನ ಜಮಾಖರ್ಚನ್ನು ಸಭೆಯ ಮುಂದೆ ಓದುತ್ತದೆ. ಒಂದು ರೂಪಾಯಿ ತಾಳೆಯಾಗದಿದ್ದರೂ ಯಾರಾದರೊಬ್ಬರು ಎದ್ದುನಿಂತು ಕೇಳುತ್ತಾರೆ. ಆ ಒಳ್ಳೆಯ ರೂಢಿಯನ್ನು ರಾಜ್ಯದ ಲೆಕ್ಕಕ್ಕೂ ವಿಸ್ತರಿಸಿದರೆ, ಇಂದು ನಮ್ಮ ಹೆಸರಿನಲ್ಲಿ ಮಾಡುವ ಸಾಲವು ನಮ್ಮ ಮಕ್ಕಳ ತಲೆಯ ಮೇಲೆ ಬೀಳುವುದು ಅಷ್ಟರಮಟ್ಟಿಗೆ ತಪ್ಪೀತು.