ಉಗ್ರಾಣದ ಬೀಗದ ಕೈ

ಮದುವೆಮನೆಯಲ್ಲಿ ಮದುಮಗನಿಗಿಂತ ಹೆಚ್ಚು ಸಲ ಕರೆಸಿಕೊಳ್ಳುವವರು ಉಗ್ರಾಣದ ಉಸ್ತುವಾರಿ ಹೊತ್ತವರು. ಅಡಿಗೆಯವರಿಗೆ ಇನ್ನೆರಡು ಸೇರು ಬೇಳೆ ಬೇಕು, ಪುರೋಹಿತರಿಗೆ ತೆಂಗಿನಕಾಯಿ ಬೇಕು, ಹೊತ್ತಲ್ಲದ ಹೊತ್ತಿನಲ್ಲಿ ಬಂದ ನೆಂಟರಿಗೆ ಕಾಫಿಪುಡಿ ಬೇಕು. ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡ ಆ ಹಿರಿಯರು ಊಟಕ್ಕೆ ಕೂರುವುದು ಕಟ್ಟಕಡೆಯ ಪಂಕ್ತಿಯಲ್ಲಿ. ದಕ್ಷಿಣ ಕನ್ನಡದ ಹಳ್ಳಿಗಳಲ್ಲಿ ಪಟೇಲರ ಕೈಕೆಳಗಿನ ನೌಕರನಿಗೆ ‘ಉಗ್ರಾಣಿ’ ಎಂದೇ ಹೆಸರಿತ್ತು. ಸರ್ಕಾರಕ್ಕೂ ಸಂಸಾರಕ್ಕೂ ಸಲ್ಲುವ ಮಾತು ಅದು. ಈ ಹೊತ್ತಿನ ಉಪನ್ಯಾಸಕ್ಕೆ ವಸ್ತುವೂ ಅದೇ: ಕಾಳು ಕಡಿ, ಎಣ್ಣೆ ಬೆಲ್ಲ, ಉಪ್ಪು ಹುಣಿಸೆಗಳನ್ನು ಒಂದು ಮನೆ ಹೇಗೆ ಕೂಡಿಡುತ್ತಿತ್ತು, ಹಾಗೆಯೇ ಏಕೆ ಕೂಡಿಡುತ್ತಿತ್ತು ಎಂಬುದು.

ಇದರ ಲಿಖಿತ ನಿಯಮಗಳಲ್ಲಿ ಬಹು ಹಳೆಯದೊಂದು ಬೆಳಕಿಗೆ ಬಂದದ್ದು ಮೈಸೂರಿನಲ್ಲಿ. ಓರಿಯೆಂಟಲ್ ಲೈಬ್ರರಿಯ ಆರ್. ಶಾಮಶಾಸ್ತ್ರಿಗಳು ತಾಳೆಗರಿಯಿಂದ ಓದಿ 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಕೋಷ್ಠಾಗಾರದ ಅಧ್ಯಕ್ಷನಿಗೇ ಒಂದು ಅಧ್ಯಾಯ ಮೀಸಲಾಗಿದೆ. ರಾಜನೀತಿಯ ಆ ಗ್ರಂಥ ಅಲ್ಲಿ ಅಡಿಗೆಮನೆಯ ಅಜ್ಜಿಯಂತೆ ಮಾತಾಡುತ್ತದೆ. ಧಾನ್ಯವನ್ನು ಎತ್ತರದಲ್ಲಿಡಬೇಕು, ಬೆಲ್ಲದ ಜಾತಿಯ ಪದಾರ್ಥಗಳನ್ನು ಒತ್ತಾಗಿ ಹೆಣೆದ ಹುಲ್ಲಿನಲ್ಲಿ ಕಟ್ಟಿಡಬೇಕು, ಎಣ್ಣೆ ತುಪ್ಪಗಳಿಗೆ ಮಣ್ಣಿನ ಅಥವಾ ಮರದ ಪಾತ್ರೆ, ಉಪ್ಪಿಗೆ ನೆಲ. ಕೂಡಿದ್ದರಲ್ಲಿ ಅರ್ಧವನ್ನು ಆಪತ್ತಿಗೆ ಮೀಸಲಿಟ್ಟು ಇನ್ನರ್ಧವನ್ನು ಮಾತ್ರ ಬಳಸಬೇಕು, ಹೊಸದು ಬಂದಂತೆ ಹಳೆಯದನ್ನು ಹೊರತೆಗೆಯಬೇಕು. ಕಡೆಯ ಈ ಎರಡು ಸೂಚನೆಗಳಲ್ಲಿ ಉಗ್ರಾಣದ ಅರ್ಧ ವಿದ್ಯೆ ಅಡಗಿದೆ.

ಮಿಕ್ಕರ್ಧವನ್ನು ಕಲಿಸಿದ್ದು ಆಯಾ ಸೀಮೆಯ ಹವೆ. ನಾಲ್ಕು ತಿಂಗಳು ಮಳೆ ಸುರಿಯುವ ಕರಾವಳಿಯಲ್ಲಿ ನೆಲದಡಿ ಏನನ್ನೂ ಇಡುವಂತಿಲ್ಲ. ಅಲ್ಲಿ ಅಕ್ಕಿಯನ್ನು ಬೈಹುಲ್ಲಿನಲ್ಲಿ ಸುತ್ತಿ, ಹುಲ್ಲಹಗ್ಗದಿಂದ ಬಿಗಿದು, ದುಂಡನೆಯ ‘ಮುಡಿ’ ಕಟ್ಟಿದರು. ಒಂದು ಮುಡಿಯೆಂದರೆ ನಲವತ್ತು ಸೇರಿನ ಆಸುಪಾಸು. ಗೇಣಿಯ ಲೆಕ್ಕವೂ ಮುಡಿಯಲ್ಲೇ ನಡೆಯುತ್ತಿತ್ತು. ಮಂಗಳೂರು ಸೌತೆಯನ್ನು ಒಂದೊಂದಾಗಿ ನಾರಿನಲ್ಲಿ ಕಟ್ಟಿ ಮಾಡಿನ ಅಡಿಗೆ ಸಾಲಾಗಿ ತೂಗುಹಾಕಿದರೆ ಆಟಿ ತಿಂಗಳವರೆಗೂ ಕೆಡುವುದಿಲ್ಲ. ಕಾಯಿಗೆ ಕಾಯಿ ತಾಗುವುದಿಲ್ಲ, ಸುತ್ತ ಗಾಳಿಯಾಡುತ್ತದೆ, ಕೆಳಗಿನ ಒಲೆಯ ಹೊಗೆ ತೇವವನ್ನು ದೂರವಿಡುತ್ತದೆ. ಹಲಸಿನ ತೊಳೆ ಉಪ್ಪುನೀರಿನ ಭರಣಿಗೆ ಇಳಿಯುತ್ತದೆ. ಸಂತೆಗೆ ಹೋಗುವ ದಾರಿಯೇ ಹೊಳೆಯಾಗುವ ದಿನಗಳಲ್ಲಿ ಮನೆಯ ಪಲ್ಯ, ಹುಳಿ ಎಲ್ಲಕ್ಕೂ ಇವೇ ಗತಿ.

ಬಯಲುಸೀಮೆಯ ಮಾತು ಬೇರೆ. ಅಲ್ಲಿ ಬಿದಿರು ಹೆಣೆದು ಸಗಣಿ ಮೆತ್ತಿದ ಕಣಜವಿತ್ತು, ಮಣ್ಣಿನ ವಾಡೆಯಿತ್ತು, ಎಲ್ಲಕ್ಕಿಂತ ಮಿಗಿಲಾಗಿ ಹಗೇವು ಇತ್ತು. 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ತನ್ನ ಪ್ರವಾಸ ಕಥನದಲ್ಲಿ ಇದನ್ನು ಬರೆದಿಟ್ಟಿದ್ದಾನೆ. ಗಟ್ಟಿ ನೆಲದಲ್ಲಿ ಹೂಜಿಯ ಆಕಾರದ ಗುಂಡಿ: ಬಾಯಿ ಕಿರಿದು, ಹೊಟ್ಟೆ ದೊಡ್ಡದು. ಒಳಮೈಗೆ ಹುಲ್ಲು ಹಾಸಿ, ರಾಗಿಯನ್ನೋ ಜೋಳವನ್ನೋ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮೇಲೆ ಮಣ್ಣೆಳೆದುಬಿಟ್ಟರೆ ಅದರ ಮೇಲೆಯೇ ದನ ಓಡಾಡಬಹುದು, ಮಕ್ಕಳು ಆಡಬಹುದು. ಕಳ್ಳನಿಗೂ ದಂಡಿಗೂ ಕಾಣದ ಉಗ್ರಾಣ ಅದು. ರಾಗಿಯ ಕಾಳು ತೀರ ಸಣ್ಣದು, ಹುಳುವಿಗೆ ಅದರೊಳಗೆ ಸಂಸಾರ ಹೂಡಲು ಎಡೆಯಿಲ್ಲ. ಹೀಗಾಗಿ ಹಗೇವಿನ ರಾಗಿ ವರ್ಷಗಟ್ಟಲೆ ಕೆಡದೆ ನಿಂತಿತು.

ಕೆಡದೆ ಉಳಿಯಲು ಇನ್ನೊಂದು ಕಾರಣವುಂಟು. ಧಾನ್ಯವೂ ಉಸಿರಾಡುತ್ತದೆ. ಮುಚ್ಚಿದ ಗುಂಡಿಯೊಳಗಿನ ಆಮ್ಲಜನಕವನ್ನು ಕಾಳು ಮತ್ತು ಹುಳು ಸೇರಿ ಮುಗಿಸುತ್ತವೆ, ಅದರ ಜಾಗದಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಹುಳು ಸಾಯುತ್ತದೆ, ಕಾಳು ಉಳಿಯುತ್ತದೆ. ಹುಳುವಿಗೆ ಆದದ್ದೇ ಮನುಷ್ಯನಿಗೂ ಆಗುತ್ತದೆ. ಹಗೇವಿನ ಬಾಯಿ ತೆರೆದ ಕೂಡಲೆ ಒಳಗಿಳಿದವರು ಮೇಲೆ ಬಾರದೇ ಹೋದದ್ದುಂಟು, ಅವರನ್ನು ಎತ್ತಲು ಇಳಿದವರೂ ಅಲ್ಲೇ ಉಳಿದದ್ದುಂಟು. ಅದಕ್ಕೇ ತೆರೆದು ಗಾಳಿಗೆ ಬಿಡಬೇಕು, ಉರಿಯುವ ದೀಪವನ್ನು ಹಗ್ಗದಲ್ಲಿ ಇಳಿಬಿಟ್ಟು ನೋಡಬೇಕು, ದೀಪ ನಂದಿದರೆ ಇಳಿಯಬಾರದು ಎಂಬ ಕಟ್ಟುಪಾಡು. ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕಿದವರು ಬುದ್ಧಿವಂತರಲ್ಲ.

ಹಗೇವಿಗೂ ಒಂದು ಮಿತಿಯಿತ್ತು. ಒಂದು ವರ್ಷ ಮಳೆ ಹೋದರೆ ಅದು ಮನೆಯನ್ನು ಕಾಯುತ್ತದೆ. ಮಳೆ ಮತ್ತೆ ಮತ್ತೆ ಕೈಕೊಟ್ಟರೆ ಅದೂ ಬರಿದು. 1876-78ರ ಮಹಾಕ್ಷಾಮದಲ್ಲಿ ಆದದ್ದು ಅದು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷದೊಳಕ್ಕೆ ಇಳಿಯಿತು. ಕೂಡಿಡಲು ಹಗೇವೇ ಇಲ್ಲದ ಕೂಲಿಯವರ ಪಾಡನ್ನಂತೂ ಹೇಳಬೇಕಿಲ್ಲ. ಉಗ್ರಾಣದ ಶಿಸ್ತನ್ನು ಹೊಗಳುವಾಗ, ಉಗ್ರಾಣವೇ ಇಲ್ಲದ ಮನೆಗಳೂ ಪಕ್ಕದಲ್ಲೇ ಇದ್ದವೆಂಬುದನ್ನು ಮರೆಯುವಂತಿಲ್ಲ.

ಇನ್ನು ಮನೆಯೊಳಗಿನ ವ್ಯವಸ್ಥೆ. ಗೋಡೆಯ ಬದಿಯಲ್ಲಿ ಒಂದರ ಮೇಲೊಂದು ಪೇರಿಸಿದ ಗಡಿಗೆಗಳಿಗೆ ‘ಅಡಕಲು’ ಎಂದು ಹೆಸರು. ಕೆಳಗೆ ದೊಡ್ಡದು, ಮೇಲೆ ಮೇಲೆ ಸಣ್ಣದು. ಮೇಲಿನ ಗಡಿಗೆಯ ತಳವೇ ಕೆಳಗಿನದಕ್ಕೆ ಮುಚ್ಚಳ. ನಿತ್ಯ ಬೇಕಾದದ್ದು ಮೇಲೆ, ಹಬ್ಬಕ್ಕೋ ಬಿತ್ತನೆಗೋ ಬೇಕಾದದ್ದು ಅಡಿಯಲ್ಲಿ. ಹಾಲು, ಮೊಸರು, ಬೆಣ್ಣೆ ಬೆಕ್ಕಿಗೆ ಎಟುಕದ ನೆಲುವಿನಲ್ಲಿ. ಹುಣಿಸೆಹಣ್ಣಿಗೆ ಉಪ್ಪು ಬೆರೆಸಿ ಭರಣಿಗೆ. ಹುಳಿ ಲೋಹವನ್ನು ತಿನ್ನುತ್ತದೆಂದು ತಾಮ್ರ ಹಿತ್ತಾಳೆಯ ಹತ್ತಿರಕ್ಕೂ ಅದನ್ನು ಬಿಡುತ್ತಿರಲಿಲ್ಲ. ಉಪ್ಪಿನಕಾಯಿ ಪಿಂಗಾಣಿ ಜಾಡಿಗೆ. ಮೆಣಸಿನಕಾಯಿ, ಹಪ್ಪಳ, ಸಂಡಿಗೆಗಳು ಬೇಸಿಗೆಯ ಬಿಸಿಲುಂಡು ಡಬ್ಬಿ ಸೇರಬೇಕು.

ತೊಗರಿಗೆ ಕೆಮ್ಮಣ್ಣು ಕಟ್ಟುವುದು, ಬೇಳೆಗೆ ಹರಳೆಣ್ಣೆ ಸವರುವುದು, ಹುರುಳಿಗೆ ಬೂದಿ ಬೆರೆಸುವುದು, ಅಕ್ಕಿಯ ನಡುವೆ ಬೇವಿನ ಅಥವಾ ಲಕ್ಕಿಯ ಎಲೆ ಹಾಕುವುದು: ಇವು ಎಲ್ಲರೂ ಕಂಡ ರೂಢಿಗಳು. ಕಾರಣ ಕೇಳಿದರೆ ‘ಹಿಂದಿನಿಂದ ಬಂದದ್ದು’ ಎನ್ನುತ್ತಿದ್ದರು. ಕಾರಣ ಗಟ್ಟಿಯಾಗಿಯೇ ಇದೆ. ಕಾಳು ಕೊರೆಯುವ ಹುಳು ಮೊಟ್ಟೆಯಿಡುವುದು ಕಾಳಿನ ಹೊರಮೈ ಮೇಲೆ. ಎಣ್ಣೆಯ ತೆಳುಪದರ ಆ ಮೊಟ್ಟೆಯ ಉಸಿರು ಕಟ್ಟಿಸುತ್ತದೆ. ಬೂದಿಯ ಕಣ ಹುಳುವಿನ ಮೈಮೇಲಿನ ಮೇಣದ ಪದರವನ್ನು ಉಜ್ಜಿ ತೆಗೆಯುವುದರಿಂದ ಅದರ ಮೈನೀರು ಆರಿ ಅದು ಸಾಯುತ್ತದೆ. ಬಿಸಿಲಿಗೆ ಹಾಕುವುದೂ ಬರಿಯ ಶಾಸ್ತ್ರವಲ್ಲ; ಕಾಳಿನ ತೇವ ಇಳಿದಷ್ಟೂ ಹುಳುವಿಗೂ ಬೂಷ್ಟಿಗೂ ಅಲ್ಲಿ ಬಾಳುವೆ ಕಷ್ಟ.

ಈ ಲೋಕಕ್ಕೆ ಒಡತಿ ಮನೆಯ ಹಿರಿಯ ಹೆಂಗಸು. ಪಾವಿನಲ್ಲಿ ಅಳೆದು ಕೊಡುವವಳು ಅವಳು. ಅನ್ನಕ್ಕೆ ಎಸರಿಡುವ ಮುನ್ನ ಒಂದು ಹಿಡಿ ಅಕ್ಕಿಯನ್ನು ಬೇರೆ ಗಡಿಗೆಗೆ ಹಾಕುವವಳೂ ಅವಳೇ. ಆ ಮುಷ್ಟಿ ಅಕ್ಕಿಯಿಂದ ವಾರಾನ್ನದ ಹುಡುಗರಿಗೂ ಮಠಕ್ಕೂ ತಿಂಗಳ ಕೊನೆಗೂ ಒದಗುತ್ತಿತ್ತು. ಬೀಗದ ಕೈಗೆ ಇನ್ನೊಂದು ಮುಖವೂ ಇತ್ತೆನ್ನಿ. ಅತ್ತೆಯ ಸೆರಗಿನ ಗಂಟಿನಲ್ಲಿದ್ದ ಅದು ಸೊಸೆಯ ಕೈಗೆ ಬರಲು ಇಪ್ಪತ್ತು ವರ್ಷ ಹಿಡಿದ ಮನೆಗಳಿದ್ದವು. ತುಂಬಿದ ಉಗ್ರಾಣದ ಬಾಗಿಲಲ್ಲೇ ಬಸುರಿ ಸೊಸೆ ಹಸಿದು ಮಲಗಿದ ಸಂಗತಿ ಹೆಂಗಸರ ಹಾಡುಕತೆಗಳಿಗೆ ಹೊಸದಲ್ಲ.

ಎರಡನೆಯ ಮಹಾಯುದ್ಧದ ಕಾಲದ ರೇಷನ್, ತುಂಡಾದ ಕೂಡುಕುಟುಂಬ, ಪೇಟೆಯ ಬಾಡಿಗೆ ಮನೆ ಇವೆಲ್ಲ ಸೇರಿ ಉಗ್ರಾಣವನ್ನು ಒಂದು ಗೋಡೆಗೂಡಿನಷ್ಟಕ್ಕೆ ಇಳಿಸಿದವು. ಗಡಿಗೆಯ ಜಾಗಕ್ಕೆ ತಗಡಿನ ಡಬ್ಬ ಬಂತು. 1937ರಲ್ಲಿ ಮಾರುಕಟ್ಟೆಗೆ ಬಂದ ಡಾಲ್ಡಾದ ಡಬ್ಬದಲ್ಲಿ ವನಸ್ಪತಿಗಿಂತ ಹೆಚ್ಚು ಕಾಲ ಇದ್ದದ್ದು ಬೇಳೆ, ಅದಾದ ಮೇಲೆ ತುಳಸಿಗಿಡ. ಹಾರ್ಲಿಕ್ಸ್ ಬಾಟಲಿಗೆ ಸಕ್ಕರೆ. ಆಮೇಲೆ ಸ್ಟೀಲು, ಪ್ಲಾಸ್ಟಿಕ್ಕು. ವರ್ಷಕ್ಕೆ ಕೊಳ್ಳುತ್ತಿದ್ದವರು ತಿಂಗಳಿಗೆ, ತಿಂಗಳಿಗೆ ಕೊಳ್ಳುತ್ತಿದ್ದವರು ವಾರಕ್ಕೆ ಕೊಳ್ಳತೊಡಗಿದರು. ಅದರಲ್ಲಿ ತಪ್ಪೇನೂ ಇಲ್ಲ.

ಆತಂಕ ಇರುವುದು ಬೇರೆ ಕಡೆ. ಬೂದಿ, ಹರಳೆಣ್ಣೆಗಳನ್ನು ಬಿಟ್ಟ ಕೈ ಕೆಲವೆಡೆ ಅಲ್ಯೂಮಿನಿಯಂ ಫಾಸ್ಫೈಡಿನ ಗುಳಿಗೆ ಹಿಡಿದಿದೆ. ದೊಡ್ಡ ಗೋದಾಮುಗಳಲ್ಲಿ ತರಬೇತಾದವರು ಮಾತ್ರ ಬಳಸಬೇಕಾದದ್ದು ಅದು. ಗಾಳಿಯ ತೇವ ತಾಗಿದೊಡನೆ ಅದರಿಂದ ಫಾಸ್ಫೀನ್ ಎಂಬ ವಿಷಾನಿಲ ಹೊರಡುತ್ತದೆ. ಆ ವಿಷಕ್ಕೆ ಪ್ರತಿವಿಷ ಇಲ್ಲ. ಗೃಹಬಳಕೆಗೆ ಅದರ ಮಾರಾಟಕ್ಕೆ ಕಾನೂನಿನ ನಿರ್ಬಂಧವಿದ್ದರೂ, ಅಕ್ಕಿಮೂಟೆಯ ಪಕ್ಕದಲ್ಲಿ ಮಲಗಿದ ಮಕ್ಕಳು ಬೆಳಿಗ್ಗೆ ಏಳದ ಸುದ್ದಿ ದೇಶದ ಒಂದಲ್ಲ ಒಂದು ಮೂಲೆಯಿಂದ ಬಂದಿದೆ. ಹಗೇವಿನ ಬಾಯಿಗಾದರೂ ದೀಪ ಹಿಡಿದು ನೋಡುವ ಕಟ್ಟುಪಾಡಿತ್ತು. ಈ ಗುಳಿಗೆಯನ್ನು ಮನೆಯೊಳಕ್ಕೆ ತರಲೇಬಾರದು. ಹುಳು ಬಿದ್ದ ಹತ್ತು ಕಿಲೋ ಅಕ್ಕಿಯ ಬೆಲೆ ಎಷ್ಟಾದೀತು?

ಈಗಿನ ಎರಡು ಹಲಗೆಯ ಅಡಿಗೆಮನೆಗೂ ಹಳೆಯ ನಿಯಮಗಳು ಸಾಕು. ಹೊಸ ಬೇಳೆಯನ್ನು ಹಳೆಯದರ ಮೇಲೆ ಸುರಿಯಬಾರದು. ಡಬ್ಬಿ ಬರಿದು ಮಾಡಿ, ಒರೆಸಿ, ಬಿಸಿಲಿಗಿಟ್ಟು ತುಂಬಬೇಕು. ತಂದ ತಾರೀಕನ್ನು ಚೀಟಿಯಲ್ಲಿ ಬರೆದು ಅಂಟಿಸಿದರೆ ವಾದವೇ ಇಲ್ಲ. ಒಗ್ಗರಣೆ ಡಬ್ಬಿಯನ್ನು ಒಲೆಯ ಪಕ್ಕದಲ್ಲೇ ಇಡುವ ಚಾಳಿಯಿಂದ ಸಾರಿನಪುಡಿಯ ಪರಿಮಳ ಬೇಗ ಹಾರುತ್ತದೆ. ವಾರಕ್ಕೆ ಬೇಕಾದಷ್ಟನ್ನು ಅಲ್ಲಿಟ್ಟು ಮಿಕ್ಕದ್ದನ್ನು ಕತ್ತಲೆಯ ತಂಪಿನಲ್ಲಿಡುವುದು ಲೇಸು. ರವೆಯನ್ನು ಹುರಿದಿಡುವುದು ಅಜ್ಜಿಯರ ಉಪಾಯ. ಹುರಿಯಲು ಬಿಡುವಿಲ್ಲದವರು ಪೊಟ್ಟಣವನ್ನು ನಾಲ್ಕಾರು ದಿನ ಫ್ರೀಜರಿನಲ್ಲಿಟ್ಟರೂ ಹುಳುವಿನ ಮೊಟ್ಟೆ ಸಾಯುತ್ತದೆ. ಆದರೆ ಹೊರತೆಗೆದ ಕೂಡಲೆ ಬಿಚ್ಚಬಾರದು. ಪೊಟ್ಟಣ ಹೊರಗಿನ ಬಿಸುಪಿಗೆ ಬರುವವರೆಗೆ ಅರ್ಧ ದಿನ ಕಾಯಬೇಕು. ಇಲ್ಲವಾದರೆ ತಣ್ಣನೆಯ ರವೆಯ ಮೇಲೆ ನೀರು ಕೂತು, ಹುಳು ಹೋದ ಜಾಗಕ್ಕೆ ಬೂಷ್ಟು ಬರುತ್ತದೆ.