ಖಜಾನೆಯ ಬೀಗದ ಕೈ ಯಾರಲ್ಲಿದೆ?

(ರೈತರ ಸಭೆಯಲ್ಲಿ ಮಾಡಿದ ಭಾಷಣ)



ಊರಿನಲ್ಲಿ ಜಾತ್ರೆ ಬಂದಾಗ ನೀವು ಮನೆಗಿಷ್ಟೆಂದು ವಂತಿಗೆ ಎತ್ತುತ್ತೀರಿ. ನಾಲ್ಕು ಜನರನ್ನು ಆರಿಸಿ ಆ ಹಣವನ್ನು ಅವರ ಕೈಗೆ ಕೊಡುತ್ತೀರಿ. ತೇರು ಎಳೆದಾದ ಮೇಲೆ ಅರಳಿಕಟ್ಟೆಯಲ್ಲಿ ಕೂತು ಲೆಕ್ಕ ಕೇಳುತ್ತೀರಿ. ಎಣ್ಣೆಗೆಷ್ಟು, ವಾದ್ಯದವರಿಗೆಷ್ಟು, ಉಳಿದದ್ದೆಷ್ಟು ಎಂದು ಕೇಳಲು ಯಾರೂ ಸಂಕೋಚಪಡುವುದಿಲ್ಲ. ಏಕೆಂದರೆ ಅದು ಊರಿನ ಹಣ.

ದೇಶದ ಹಣವೂ ಹೀಗೆಯೇ. ನೀವು ಕೊಳ್ಳುವ ಸೋಪಿನಲ್ಲಿ, ಟ್ರ್ಯಾಕ್ಟರಿಗೆ ಹಾಕುವ ಡೀಸೆಲ್ಲಿನಲ್ಲಿ ತೆರಿಗೆ ಸೇರಿದೆ. ಈ ಹಣದ ಲೆಕ್ಕವನ್ನು ದೆಹಲಿಯಲ್ಲಿ ಕೇಳುವವರು ಯಾರು? ಮಂತ್ರಿಗಳು ಮಾಡಿದ್ದೇ ಕಾನೂನು, ಅವರು ಕೊಟ್ಟದ್ದೇ ಹಣ ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಇದು ಸರಿಯಲ್ಲ. ಆಡಳಿತ ನಡೆಸುವುದು ಮಂತ್ರಿಮಂಡಲದ ಕೆಲಸ. ಕಾನೂನು ಮಾಡುವುದು, ಹಣ ಮಂಜೂರು ಮಾಡುವುದು, ಲೆಕ್ಕ ಕೇಳುವುದು ಪಾರ್ಲಿಮೆಂಟಿನ ಕೆಲಸ.

ಕಾನೂನಿನ ಆಧಾರವಿಲ್ಲದೆ ಯಾವ ತೆರಿಗೆಯನ್ನೂ ಹಾಕಕೂಡದೆಂದು ಸಂವಿಧಾನದ 265ನೆಯ ವಿಧಿ ಹೇಳುತ್ತದೆ. ಪ್ರತಿ ವರ್ಷವೂ ಒಂದೊಂದು ಖಾತೆಯವರು ತಮಗೆ ಇಷ್ಟು ಹಣ ಬೇಕೆಂದು ಲೋಕಸಭೆಯ ಮುಂದೆ ಬೇಡಿಕೆ ಇಡಬೇಕು. ಆ ಖಾತೆಯ ನೀತಿ ಒಪ್ಪಿಗೆಯಾಗದ ಸದಸ್ಯನು ಆ ಮೊತ್ತವನ್ನು ಒಂದು ರೂಪಾಯಿಗೆ ಇಳಿಸಬೇಕೆಂದು ಸೂಚನೆ ಕೊಡಬಹುದು.

ಮಂತ್ರಿಮಂಡಲವು ಒಟ್ಟಾಗಿ ಲೋಕಸಭೆಗೆ ಹೊಣೆಯಾಗಿದೆ. ಸಭೆಯ ವಿಶ್ವಾಸ ಹೋದರೆ ಅಧಿಕಾರವೂ ಹೋಯಿತು. ಹಾಸನ ಜಿಲ್ಲೆಯ ರೈತ ಕುಟುಂಬದಿಂದ ಬಂದು ಪ್ರಧಾನಿಯಾಗಿದ್ದ ಶ್ರೀ ದೇವೇಗೌಡರು 1997ರ ಏಪ್ರಿಲ್‌ನಲ್ಲಿ ಸಭೆಯ ವಿಶ್ವಾಸ ಸಿಗದೆ ಸ್ಥಾನ ಬಿಟ್ಟರು. 1999ರ ಏಪ್ರಿಲ್ 17ರಂದು ಶ್ರೀ ವಾಜಪೇಯಿಯವರ ಪರವಾಗಿ 269, ವಿರುದ್ಧವಾಗಿ 270 ಮತಗಳು ಬಿದ್ದವು. ಒಂದೇ ಮತದಿಂದ ಸರ್ಕಾರ ಬಿತ್ತು.

ಸಭೆ ಸೇರದಿರುವಾಗ ತುರ್ತಿದ್ದರೆ ಸರ್ಕಾರದ ಸಲಹೆಯಂತೆ ರಾಷ್ಟ್ರಪತಿಗಳು ಸುಗ್ರೀವಾಜ್ಞೆ ಹೊರಡಿಸಬಹುದು. ಆದರೆ ಸಭೆ ಸೇರಿದ ಆರು ವಾರಗಳೊಳಗೆ ಅದಕ್ಕೆ ಬದಲಾಗಿ ಕಾನೂನು ಆಗದಿದ್ದರೆ ಅದು ಬಿದ್ದುಹೋಗುತ್ತದೆ. ಕೃಷಿಯ ಮೂರು ಕಾನೂನುಗಳು 2020ರ ಜೂನ್‌ನಲ್ಲಿ ಸುಗ್ರೀವಾಜ್ಞೆಗಳಾಗಿ ಬಂದು, ಸೆಪ್ಟೆಂಬರಿನಲ್ಲಿ ಪಾರ್ಲಿಮೆಂಟಿನ ಒಪ್ಪಿಗೆ ಪಡೆದವು. ರೈತರ ದೀರ್ಘ ಚಳವಳಿಯ ನಂತರ ಅವುಗಳನ್ನು ಹಿಂದೆಗೆದುಕೊಳ್ಳುವುದೆಂದು ಪ್ರಧಾನಿಗಳು ಸಾರಿದರು. ಸಾರಿದ ಮಾತ್ರಕ್ಕೆ ಕಾನೂನು ಹೋಗಲಿಲ್ಲ. 2021ರ ನವೆಂಬರ್ 29ರಂದು ಪಾರ್ಲಿಮೆಂಟೇ ಅವುಗಳ ರದ್ದತಿಗೆ ಮಸೂದೆಯನ್ನು ಅಂಗೀಕರಿಸಬೇಕಾಯಿತು.

ಇಷ್ಟೆಲ್ಲ ಅಧಿಕಾರವಿದ್ದರೂ ಸದಸ್ಯರು ಸುಮ್ಮನೆ ಕುಳಿತರೆ ಪ್ರಯೋಜನವಿಲ್ಲ. ಚರ್ಚೆಗೆ ಬಾರದೆ ಉಳಿದ ಬೇಡಿಕೆಗಳನ್ನು ಕೊನೆಯ ದಿನ ಒಟ್ಟಾಗಿ ಮತಕ್ಕೆ ಹಾಕಿ ಮುಗಿಸುವ ಪದ್ಧತಿಯೂ ಇದೆ. 1985ರ ಪಕ್ಷಾಂತರ ನಿಷೇಧದ ಏರ್ಪಾಡಿನಂತೆ, ಪಕ್ಷದ ಆಜ್ಞೆ ಮೀರಿ ಮತ ಹಾಕಿದ ಸದಸ್ಯನು ಸ್ಥಾನ ಕಳೆದುಕೊಳ್ಳಬಹುದು. ಆದರೆ ಪ್ರಶ್ನೆ ಕೇಳಲು ಅದು ಅಡ್ಡಿಯಲ್ಲ.

ಪ್ರಶ್ನೆಗೆ ಎಷ್ಟು ಬಲವುಂಟೆಂಬುದನ್ನು ನೋಡಿ. 1957ರ ಡಿಸೆಂಬರಿನಲ್ಲಿ ಫಿರೋಜ್ ಗಾಂಧಿಯವರು ಲೋಕಸಭೆಯಲ್ಲಿ ಎದ್ದುನಿಂತರು. ಜನರ ವಿಮೆಯ ಹಣದಲ್ಲಿ ಒಂದು ಕೋಟಿಗೂ ಹೆಚ್ಚನ್ನು ಜೀವವಿಮಾ ನಿಗಮವು ಹರಿದಾಸ್ ಮುಂದ್ರಾ ಎಂಬ ಉದ್ಯಮಿಯ ಕಂಪನಿಗಳ ಷೇರಿಗೆ ಹಾಕಿದ್ದೇಕೆ ಎಂದು ಕೇಳಿದರು. ಅವರು ಆಳುವ ಪಕ್ಷದವರೇ ಆಗಿದ್ದರು. ನ್ಯಾಯಮೂರ್ತಿ ಛಾಗ್ಲಾ ಅವರಿಂದ ಬಹಿರಂಗ ವಿಚಾರಣೆ ನಡೆಯಿತು. 1958ರ ಫೆಬ್ರವರಿಯಲ್ಲಿ ಹಣಕಾಸಿನ ಮಂತ್ರಿ ಟಿ.ಟಿ. ಕೃಷ್ಣಮಾಚಾರಿಯವರು ರಾಜೀನಾಮೆ ಕೊಟ್ಟರು.

ಬಾಂಧವರೇ, ನಮ್ಮ ರಾಜ್ಯದಿಂದ 28 ಮಂದಿಯನ್ನು ಲೋಕಸಭೆಗೆ ಕಳುಹಿಸುತ್ತೇವೆ. ನಿಮ್ಮ ಸದಸ್ಯರು ಊರಿಗೆ ಬಂದಾಗ ಹಾರ ಹಾಕಿ, ರಸ್ತೆ ಕೇಳಿ, ಬೇಡವೆನ್ನುವುದಿಲ್ಲ. ಅದರ ಜೊತೆಗೆ ಇನ್ನೊಂದು ಮಾತನ್ನೂ ಕೇಳಿ: “ಸ್ವಾಮಿ, ಈ ವರ್ಷ ತಾವು ಸಭೆಯಲ್ಲಿ ಯಾವ ಪ್ರಶ್ನೆ ಹಾಕಿದಿರಿ? ಗೊಬ್ಬರದ ಬಗ್ಗೆ, ಬೆಳೆವಿಮೆಯ ಬಗ್ಗೆ ಮಂತ್ರಿಗಳು ಏನು ಉತ್ತರ ಕೊಟ್ಟರು?” ಈ ಪ್ರಶ್ನೋತ್ತರಗಳು ಪಾರ್ಲಿಮೆಂಟಿನ ಜಾಲತಾಣದಲ್ಲಿ ಎಲ್ಲರಿಗೂ ಸಿಗುತ್ತವೆ. ಊರಿನ ಓದಿದ ಹುಡುಗರಿಂದ ಮೊಬೈಲಿನಲ್ಲಿ ತೆಗೆಸಿ, ಓದಿಸಿ ಕೇಳಿ.

ಜಾತ್ರೆಯ ಲೆಕ್ಕ ಕೇಳುವ ನಿಮಗೆ ಇದೇನೂ ಹೊಸದಲ್ಲ. ನೀವು ಸದಸ್ಯರನ್ನು ಕೇಳಿದರೆ ಸದಸ್ಯರು ಮಂತ್ರಿಗಳನ್ನು ಕೇಳುತ್ತಾರೆ.