ನಾಚಿಕೆಯ ದಿಕ್ಕು: ಜನಾಭಿಪ್ರಾಯದ ಅಂಕಿಗಳನ್ನು ಓದುವ ಬಗೆ



ಈ ದತ್ತಿ ಯಾರ ಹೆಸರಿನಲ್ಲಿದೆ ಎಂಬುದು ನಿಮ್ಮ ಕೈಯಲ್ಲಿರುವ ಆಹ್ವಾನ ಪತ್ರಿಕೆಯಲ್ಲಿದೆ. ಇಲ್ಲಿ ಕೂತವರಲ್ಲಿ ಬಹುಪಾಲು ಜನರಿಗೆ ಅವರು ಬರೀ ಮೇಷ್ಟ್ರು. ನಾನೂ ಹಾಗೇ ಕರೆಯುತ್ತೇನೆ. ಸಂಖ್ಯಾಶಾಸ್ತ್ರವನ್ನು ಕನ್ನಡದಲ್ಲಿ ಹೇಳಿದರೆ ಅದರ ತೂಕ ತಗ್ಗುತ್ತದೆ ಎಂದು ನಂಬಿದ್ದವರ ನಡುವೆ ಅವರು ಹಟ ಹಿಡಿದು ಕನ್ನಡದಲ್ಲೇ ಪಾಠ ಮಾಡಿದರು. ಅವರ ಹೆಸರಿನ ಉಪನ್ಯಾಸಕ್ಕೆ ನನ್ನನ್ನು ಕರೆದದ್ದು ದೊಡ್ಡ ಮನಸ್ಸು. ಕೊಟ್ಟ ವಿಷಯ 'ಸಾಮಾಜಿಕ ಪ್ರಶ್ನೆಗಳ ಬಗ್ಗೆ ಜನರ ಧೋರಣೆ: ಪರಿಮಾಣಾತ್ಮಕ ಅಧ್ಯಯನ'. ಅದರ ಒಂದು ಮೂಲೆಯಲ್ಲೇ ನಾನು ಬಹಳ ಹೊತ್ತು ನಿಲ್ಲುವವನು ಎಂದು ಈಗಲೇ ತಿಳಿಸಿಬಿಡುತ್ತೇನೆ.

ಮೊದಲ ಪಾಠಗಳನ್ನು ಬೇಗ ಮುಗಿಸೋಣ. 1925ರಲ್ಲಿ ಎಮೊರಿ ಬೊಗಾರ್ಡಸ್ ಸಾಮಾಜಿಕ ಅಂತರದ ಮಾಪಕ ಮಾಡಿದರು. ಈ ಜನರನ್ನು ನೆಂಟರಾಗಿ ಒಪ್ಪುತ್ತೀರಾ, ನೆರೆಯವರಾಗಿ ಒಪ್ಪುತ್ತೀರಾ, ದೇಶದೊಳಕ್ಕಾದರೂ ಬಿಟ್ಟುಕೊಳ್ಳುತ್ತೀರಾ ಎಂದು ಹಂತ ಹಂತವಾಗಿ ಕೇಳುವ ಕ್ರಮ ಅದು. 1932ರಲ್ಲಿ ರೆನ್ಸಿಸ್ ಲೈಕರ್ಟ್ 'ಪೂರ್ತಿ ಒಪ್ಪುತ್ತೇನೆ' ಎಂಬಲ್ಲಿಂದ 'ಸ್ವಲ್ಪವೂ ಒಪ್ಪುವುದಿಲ್ಲ' ಎಂಬಲ್ಲಿಯವರೆಗೆ ಐದು ಉತ್ತರಗಳನ್ನು ಸಾಲಾಗಿ ಇಟ್ಟರು. 1936ರ ಅಮೆರಿಕದ ಚುನಾವಣೆಯಲ್ಲಿ ಲಿಟರರಿ ಡೈಜೆಸ್ಟ್ ಪತ್ರಿಕೆ 20 ಲಕ್ಷಕ್ಕೂ ಹೆಚ್ಚು ಉತ್ತರ ಕೂಡಿಹಾಕಿ ರೂಸ್‌ವೆಲ್ಟ್ ಸೋಲುತ್ತಾರೆ ಎಂದಿತು. ಅವರು ಭಾರಿ ಬಹುಮತದಿಂದ ಗೆದ್ದರು. ಎಷ್ಟು ಜನರನ್ನು ಕೇಳಿದಿರಿ ಎನ್ನುವುದಕ್ಕಿಂತ ಅವರನ್ನು ಹೇಗೆ ಆರಿಸಿದಿರಿ ಎನ್ನುವುದು ಮುಖ್ಯ ಎಂದು ಅಂದಿನಿಂದ ಎಲ್ಲ ಪಠ್ಯಪುಸ್ತಕಗಳೂ ಹೇಳುತ್ತಿವೆ. ನಮ್ಮಲ್ಲಿ ಸಂಖ್ಯಾಶಾಸ್ತ್ರಜ್ಞ ಮಹಾಲನೋಬಿಸ್, 1950ರ ರಾಷ್ಟ್ರೀಯ ಮಾದರಿ ಸಮೀಕ್ಷೆ, 1960ರ ದಶಕದಿಂದ ದೆಹಲಿಯ ಸಂಶೋಧನಾ ಸಂಸ್ಥೆಯಾದ ಸಿಎಸ್‌ಡಿಎಸ್‌ನ ಚುನಾವಣಾ ಅಧ್ಯಯನಗಳು. ಇಷ್ಟೂ ಯಾವ ಎಂ.ಎ. ನೋಟ್ಸಿನಲ್ಲೂ ಸಿಗುತ್ತದೆ.

ನನ್ನ ತಕರಾರು ಶುರುವಾಗುವುದು ಇದರಾಚೆ. ಮಾದರಿಯನ್ನು ಲಕ್ಷಣವಾಗಿ ಆರಿಸಿ, ತೂಕ ಕಟ್ಟಿ, ದೋಷದ ಅಂದಾಜನ್ನೂ ಲೆಕ್ಕ ಹಾಕಿದ ಮೇಲೆ ಬರುವ ಅಂಕಿ ಏನನ್ನು ಅಳೆದಿದೆ ಎಂದು ಕೇಳುವವರು ಕಡಿಮೆ. ಉತ್ತರ ಕೊಟ್ಟವರು ಇನ್ನೊಬ್ಬ ಮನುಷ್ಯರ ಎದುರು ಕೂತು ಮಾತಾಡಿದ್ದಾರೆ. ಆ ಎದುರಿನವರ ಮುಂದೆ ಯಾವ ಉತ್ತರ ಹೇಳಲು ನಾಚಿಕೆ, ಯಾವುದಕ್ಕೆ ಇಲ್ಲ ಎಂಬುದು ಗೊತ್ತಾಗದೆ ಶೇಕಡಾವಾರು ಓದುವುದು ವ್ಯರ್ಥ ಕೆಲಸ.

ನಮ್ಮ ರಾಜ್ಯದ್ದೇ ಉದಾಹರಣೆ ತೆಗೆದುಕೊಳ್ಳೋಣ. 2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಏಳು ಸಂದರ್ಭಗಳನ್ನು ಹೇಳಿ, ಗಂಡ ಹೆಂಡತಿಗೆ ಹೊಡೆಯುವುದು ಸರಿಯೇ ಎಂದು ಕೇಳಿತು. ಹೇಳದೆ ಹೊರಗೆ ಹೋದರೆ, ಮನೆ ಮಕ್ಕಳನ್ನು ನೋಡಿಕೊಳ್ಳದಿದ್ದರೆ, ಎದುರು ವಾದಿಸಿದರೆ, ಹಾಸಿಗೆಗೆ ಒಪ್ಪದಿದ್ದರೆ, ಅಡುಗೆ ಸರಿಯಾಗಿ ಮಾಡದಿದ್ದರೆ, ನಡತೆಯ ಮೇಲೆ ಅನುಮಾನ ಬಂದರೆ, ಅತ್ತೆ ಮಾವನಿಗೆ ಮರ್ಯಾದೆ ಕೊಡದಿದ್ದರೆ. ಇವುಗಳಲ್ಲಿ ಒಂದಕ್ಕಾದರೂ ಹೌದು ಎಂದವರು ದೇಶದಲ್ಲಿ ಹೆಂಗಸರ ಪೈಕಿ ಶೇ 45, ಗಂಡಸರ ಪೈಕಿ ಶೇ 44. ಕರ್ನಾಟಕದಲ್ಲಿ ಹೆಂಗಸರು ಶೇ 76.9, ಗಂಡಸರು ಶೇ 81.9. ಹಿಮಾಚಲ ಪ್ರದೇಶದಲ್ಲಿ ಶೇ 14.8 ಮತ್ತು ಶೇ 14.2.

ಈ ಅಂಕಿ ಹೊರಬಿದ್ದಾಗ ಎರಡು ಬಗೆಯ ಮಾತು ಕೇಳಿಬಂತು. ಒಂದು, ರಾಜ್ಯಗಳನ್ನು ಸಾಲಾಗಿ ನಿಲ್ಲಿಸಿ ನಮ್ಮ ಗಂಡಸರಿಗೆ ತಲೆ ತಗ್ಗಿಸುವ ಸ್ಥಾನ ಕೊಟ್ಟ ಪತ್ರಿಕೆಗಳದ್ದು. ಇನ್ನೊಂದು, ಸಮೀಕ್ಷೆಯೇ ಕೆಟ್ಟಿದೆ ಎಂದು ಕೈ ಕೊಡವಿದವರದ್ದು. ಈ ಎರಡನೆಯವರು ಜೊತೆಗೆ ಇನ್ನೊಂದು ಅಂಕಿಯನ್ನೂ ತೋರಿಸುತ್ತಾರೆ. ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದ ಕರ್ನಾಟಕದ ವಿವಾಹಿತ ಹೆಂಗಸರ ಪ್ರಮಾಣ ನಾಲ್ಕನೆಯ ಸಮೀಕ್ಷೆಯಲ್ಲಿ ಶೇ 20.6 ಇದ್ದದ್ದು ಐದನೆಯದರಲ್ಲಿ ಶೇ 44.4 ಆಯಿತು. ನಾಲ್ಕು ವರ್ಷದಲ್ಲಿ ಎರಡರಷ್ಟಾಗಲು ಸಾಧ್ಯವೇ ಎಂಬುದು ಅವರ ಪ್ರಶ್ನೆ. ಕೇಳಬೇಕಾದ ಪ್ರಶ್ನೆಯೇ. ಆದರೆ ಅದಕ್ಕೆ 'ಲಾಕ್‌ಡೌನ್ ಕಾಲದ ಹಿಂಸೆ' ಎಂದು ವೇದಿಕೆಗಳ ಮೇಲೆ ಕೊಡುವ ಉತ್ತರ ಶುದ್ಧ ತಪ್ಪು. ಕರ್ನಾಟಕ ಆ ಸಮೀಕ್ಷೆಯ ಮೊದಲ ಹಂತದಲ್ಲಿತ್ತು. ಆ ಹಂತದ ಕ್ಷೇತ್ರಕಾರ್ಯ 2020ರ ಜನವರಿಗೇ ಮುಗಿದಿತ್ತು. ಲಾಕ್‌ಡೌನ್ ಬಂದದ್ದು ಮಾರ್ಚಿನಲ್ಲಿ. ದಿನಾಂಕ ನೋಡದೆ ಕಾರಣ ಹೇಳುವವರನ್ನು ಮೇಷ್ಟ್ರು ಎಬ್ಬಿಸಿ ನಿಲ್ಲಿಸಿ ಕ್ಯಾಲೆಂಡರ್ ಓದಿಸುತ್ತಿದ್ದರು.

ಹಿಂಸೆಯ ಅಂಕಿಯನ್ನು ಬದಿಗಿಟ್ಟು ಧೋರಣೆಯ ಅಂಕಿಗೆ ಬರುತ್ತೇನೆ. ಮಂಡ್ಯ ಕಡೆಯ ಒಂದು ಮನೆಯಲ್ಲಿ ಇಂಥದೇ ಪ್ರಶ್ನೆಗಳನ್ನು ಕೇಳುತ್ತಿದ್ದಾಗ ಪಕ್ಕದಲ್ಲಿದ್ದೆ. ಜಗಲಿಯ ಮೇಲೆ ಅತ್ತೆ ಅವರೆಕಾಯಿ ಸುಲಿಯುತ್ತಿದ್ದರು. ಸೊಸೆ ಕಂಬಕ್ಕೆ ಒರಗಿ ನಿಂತಿದ್ದಳು. ಮೈಸೂರಿನಿಂದ ಬಂದ ಹುಡುಗಿ ಟ್ಯಾಬ್ ಹಿಡಿದು, "ಅಡುಗೆ ಸರಿಯಾಗಿ ಮಾಡಲಿಲ್ಲ ಅಂದ್ರೆ ಗಂಡ ಹೊಡೆಯೋದು ಸರಿ ಅಂತೀರಾ ಅಕ್ಕ?" ಎಂದು ಕೇಳಿದಳು. ಸೊಸೆ ಒಮ್ಮೆ ಅತ್ತೆಯ ಕಡೆ ನೋಡಿ, "ಹೊಡೀತಾರಲ್ಲವ್ವಾ," ಎಂದಳು. ಅತ್ತೆ ತಲೆ ಎತ್ತದೆ, "ಮಾಡೋದ ಸರಿಯಾಗಿ ಮಾಡುದ್ರೆ ಯಾಕ್ ಹೊಡೀತಾರೆ," ಎಂದು ಸೇರಿಸಿದರು. ಹುಡುಗಿ 'ಹೌದು' ಒತ್ತಿ ಮುಂದಿನ ಪ್ರಶ್ನೆಗೆ ಹೋದಳು.

ಸೊಸೆ ಹೇಳಿದ್ದು ತನ್ನ ಅಭಿಪ್ರಾಯವೇ? ಊರಲ್ಲಿ ನಡೆಯುವುದನ್ನು ಹೇಳಿದಳು. ಅತ್ತೆ ಹೇಳಿದ್ದು ಊರಿನ ನಿಯಮ. ಟ್ಯಾಬ್‌ನಲ್ಲಿ ಉಳಿದದ್ದು ಒಂದೇ ಗುರುತು. ಇದು ಒಂದು ಜಗಲಿಯ ಕಥೆ ಮಾತ್ರ ಎಂದು ತಳ್ಳಿಹಾಕಬೇಡಿ. ಸಿಡ್ನಿ ಶುಲರ್, ಕ್ಯಾಥರಿನ್ ಯೌಂಟ್ ಮತ್ತು ಅವರ ಜೊತೆಗಾರರು ಬಾಂಗ್ಲಾದೇಶದ ಹಳ್ಳಿಗಳಲ್ಲಿ ಇದೇ ಪ್ರಶ್ನೆಯನ್ನು ಬಗೆದು ನೋಡಿ, ಹೆಂಗಸರು ಸ್ವಂತ ನಿಲುವಿಗಿಂತ ಸಮಾಜದ ರೂಢಿಯನ್ನು ಹೇಳುತ್ತಿರುತ್ತಾರೆ ಎಂದು ತೋರಿಸಿದ್ದಾರೆ. ಹೆಂಡತಿ ಬೇಕೆಂದೇ ತಪ್ಪು ಮಾಡಿದಳು ಎಂದು ಕಥೆ ಹೇಳಿದರೆ ಒಂದು ಉತ್ತರ, ಅವಳ ಕೈಮೀರಿ ಆಯಿತು ಎಂದರೆ ಬೇರೆಯೇ ಉತ್ತರ. ಉಗಾಂಡದಲ್ಲಿ ಇದನ್ನು ಪ್ರಯೋಗವಾಗಿಯೇ ಮಾಡಿ ನೋಡಿದ್ದಾರೆ. ಫಲ ಅದೇ ದಿಕ್ಕಿನದು. ನಮ್ಮ ಸಮೀಕ್ಷೆ ಅನುಸರಿಸುವ ಅಂತರರಾಷ್ಟ್ರೀಯ ಮಾದರಿ ಪ್ರಶ್ನಾವಳಿಯಲ್ಲಿ, ಈ ಪ್ರಶ್ನೆಗೆ ಮುಂಚೆ ಪಕ್ಕದಲ್ಲಿ ಯಾರಿದ್ದರು, ಅವರು ಕೇಳಿಸಿಕೊಳ್ಳುತ್ತಿದ್ದರೇ ಎಂದು ಬರೆದುಕೊಳ್ಳಲು ಜಾಗವಿದೆ. ಆ ಜಾಗವನ್ನು ಇಟ್ಟುಕೊಂಡು ಕೋಷ್ಟಕ ಮಾಡುವವರನ್ನು ನಾನು ಕಂಡದ್ದು ಅಪರೂಪ.

ಇಲ್ಲಿ ನನ್ನ ಕೆಲವು ಮಿತ್ರರೊಡನೆ ನನಗೆ ಜಗಳವಿದೆ. ಜನ ಸುಳ್ಳು ಹೇಳುತ್ತಾರೆ, ಆದ್ದರಿಂದ ಪರೋಕ್ಷ ವಿಧಾನ ಬಳಸಿ ಎನ್ನುವುದು ಅವರ ವಾದ. ಈಗ ಬಳಕೆಯಲ್ಲಿರುವುದು ಪಟ್ಟಿ ಪ್ರಯೋಗ. ಮಾದರಿಯ ಅರ್ಧ ಜನರಿಗೆ ನಾಲ್ಕು ಹೇಳಿಕೆ, ಉಳಿದ ಅರ್ಧಕ್ಕೆ ಅವೇ ನಾಲ್ಕರ ಜೊತೆ ಸೂಕ್ಷ್ಮವಾದ ಐದನೆಯದು. ಯಾವುದು ಎಂದು ಹೇಳಬೇಕಿಲ್ಲ, ಎಷ್ಟಕ್ಕೆ ಒಪ್ಪಿಗೆ ಎಂದರೆ ಸಾಕು. ಎರಡು ಗುಂಪುಗಳ ಸರಾಸರಿಯ ಅಂತರವೇ ಐದನೆಯದನ್ನು ಒಪ್ಪಿದವರ ಪ್ರಮಾಣ. ಜಾಣ ಉಪಾಯ, ಒಪ್ಪುತ್ತೇನೆ. ಆದರೆ ಅದರ ದೋಷದ ಅಂದಾಜು ನೇರ ಪ್ರಶ್ನೆಯದಕ್ಕಿಂತ ಬಹಳ ದೊಡ್ಡದು. ಸಣ್ಣ ಮಾದರಿಯಲ್ಲಿ ಬಳಸಿದರೆ ಏನೂ ಹೇಳದ ಅಂಕಿ ಕೈಗೆ ಬರುತ್ತದೆ. ಅದಕ್ಕಿಂತ ಮುಖ್ಯವಾಗಿ, ಮುಚ್ಚಿಡುವ ಬಯಕೆ ಇರುವಲ್ಲಿ ಮಾತ್ರ ಮುಚ್ಚಿಡುವ ಸೌಕರ್ಯಕ್ಕೆ ಅರ್ಥ. ಶೇ 81.9 ಗಂಡಸರು ಅಪರಿಚಿತರ ಮುಂದೆ ಹೌದು ಎನ್ನುವಾಗ ಅಲ್ಲಿ ಬಯಲಿಗೆಳೆಯಲು ಯಾವ ಗುಟ್ಟಿದೆ? ಅಲ್ಲಿ ನಾಚಿಕೆ ಇರುವುದು ಇಲ್ಲ ಎನ್ನುವುದಕ್ಕೆ. ಹೆಂಡತಿಯ ಮೇಲೆ ಕೈ ಎತ್ತಬಾರದು ಎಂದು ಅರಳಿಕಟ್ಟೆಯಲ್ಲಿ ಹೇಳಿದವನಿಗೆ ಬೀಳುವ ಹೆಸರು ನಿಮಗೆ ಗೊತ್ತು. ಹೀಗಾಗಿ ಆ ಅಂಕಿಯನ್ನು ಹೊಡೆತ ಮೆಚ್ಚುವವರ ತಲೆ ಎಣಿಕೆ ಎಂದು ನಾನು ಓದುವುದಿಲ್ಲ. ಬಹಿರಂಗವಾಗಿ ಇಲ್ಲ ಎನ್ನುವುದು ಎಷ್ಟು ಕಷ್ಟ ಎಂಬುದರ ಅಳತೆ ಎಂದು ಓದುತ್ತೇನೆ. ಇದರಿಂದ ಕರ್ನಾಟಕದ ಮರ್ಯಾದೆಯೇನೂ ಉಳಿಯುವುದಿಲ್ಲ. ಹೊಡೆಯುವುದನ್ನು ಹೇಳಿಕೊಳ್ಳಲು ನಾಚಿಕೆಯೇ ಇಲ್ಲದ ಸಮಾಜ ಎಂಬುದು ಇನ್ನೂ ಕಠಿಣವಾದ ತೀರ್ಪು.

ಈಗ ನಾಚಿಕೆ ಎದುರು ದಿಕ್ಕಿನಲ್ಲಿರುವ ಪ್ರಶ್ನೆಗೆ ಬನ್ನಿ. ಅಸ್ಪೃಶ್ಯತೆಯನ್ನು ಸಂವಿಧಾನದ 17ನೆಯ ವಿಧಿ ರದ್ದುಮಾಡಿತು. 1955ರ ಕಾಯ್ದೆ ಅದನ್ನು ಅಪರಾಧವಾಗಿಸಿತು. ಮನೆಗೆ ಬಂದ ಅಪರಿಚಿತರಿಗೆ 'ಆಚರಿಸುತ್ತೇವೆ' ಎನ್ನಲು ಯಾರಾದರೂ ಹಿಂಜರಿಯುತ್ತಾರೆ. 2011–12ರಲ್ಲಿ ಸಂಶೋಧನಾ ಸಂಸ್ಥೆ ಎನ್‌ಸಿಎಇಆರ್ ಮತ್ತು ಮೇರಿಲ್ಯಾಂಡ್ ವಿಶ್ವವಿದ್ಯಾಲಯ 42,152 ಮನೆಗಳಲ್ಲಿ ನಡೆಸಿದ ಭಾರತ ಮಾನವ ಅಭಿವೃದ್ಧಿ ಸಮೀಕ್ಷೆ ಇದನ್ನು ಎರಡು ಹೆಜ್ಜೆಯಲ್ಲಿ ಕೇಳಿತು. ಮೊದಲು, ನಿಮ್ಮ ಮನೆಯಲ್ಲಿ ಯಾರಾದರೂ ಅಸ್ಪೃಶ್ಯತೆ ಆಚರಿಸುತ್ತಾರಾ? ಇಲ್ಲ ಎಂದವರಿಗೆ ಮತ್ತೆ, ಪರಿಶಿಷ್ಟ ಜಾತಿಯವರು ನಿಮ್ಮ ಅಡುಗೆಮನೆಗೆ ಬಂದರೆ, ನಿಮ್ಮ ಪಾತ್ರೆ ಬಳಸಿದರೆ ತೊಂದರೆಯೇ? ಎರಡರಲ್ಲಿ ಒಂದಕ್ಕಾದರೂ ಹೌದು ಎಂದ ಮನೆಗಳು ಶೇ 27. ಇಡೀ ಭಾರತದ ಸಮೀಕ್ಷೆಗಳಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ಪ್ರಶ್ನೆಜೋಡಿ ಇದು. ಮೊದಲನೆಯದು ಕಾನೂನನ್ನು ನೆನಪಿಸುತ್ತದೆ. ಎರಡನೆಯದು ಒಲೆ, ನೀರಿನ ಕೊಡ, ತಟ್ಟೆಯ ಬಳಿಗೆ ಕರೆದೊಯ್ಯುತ್ತದೆ. ಮೊದಲನೆಯದಕ್ಕೆ ಇಲ್ಲ ಎಂದು ಎರಡನೆಯದಕ್ಕೆ ಹೌದು ಎಂದವರು ಸುಳ್ಳುಗಾರರೆಂದು ನಾನು ಹೇಳಲಾರೆ. 'ಅದು ಅಸ್ಪೃಶ್ಯತೆ ಅಲ್ಲ, ನಮ್ಮ ಮಡಿ' ಎಂದು ಅವರು ಮನಸಾರೆ ನಂಬಿದ್ದಾರೆ. ಈ ನಂಬಿಕೆ ಎಷ್ಟು ಮನೆಗಳಲ್ಲಿದೆ ಎಂಬುದು ಆ ಎರಡು ಉತ್ತರಗಳ ಅಂತರದಲ್ಲಿ ಸಿಗುತ್ತದೆ.

ಅದೇ ಸಮೀಕ್ಷೆಯ ರಾಜ್ಯವಾರು ಪಟ್ಟಿ ನೋಡಿ. ಹಿಮಾಚಲ ಶೇ 50, ಮಧ್ಯಪ್ರದೇಶ ಶೇ 53, ಕೇರಳ ಶೇ 2, ಪಶ್ಚಿಮ ಬಂಗಾಳ ಶೇ 1. ಹೆಂಡತಿಗೆ ಹೊಡೆಯುವ ಪ್ರಶ್ನೆಯಲ್ಲಿ ದೇಶಕ್ಕೆ ಮಾದರಿಯಾಗಿದ್ದ ಹಿಮಾಚಲ ಇಲ್ಲಿ ಕಟಕಟೆಯಲ್ಲಿ ನಿಂತಿದೆ. ಇಲ್ಲಿ ನಿರ್ದೋಷಿಯಾದ ಕೇರಳದಲ್ಲಿ ಹೊಡೆತ ಸರಿ ಎಂದ ಹೆಂಗಸರು ಶೇ 52.4. 'ಪ್ರಗತಿಪರ ರಾಜ್ಯ', 'ಹಿಂದುಳಿದ ರಾಜ್ಯ' ಎಂದು ಒಂದೇ ಗೆರೆಯ ಮೇಲೆ ರಾಜ್ಯಗಳನ್ನು ಪೋಣಿಸುವವರು ಈ ಎರಡು ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ಮಾತಾಡಲಿ. ಬಂಗಾಳದ ಶೇ 1ರಲ್ಲಿ ಆಚರಣೆಯ ಅಭಾವ ಎಷ್ಟು, ಹೇಳಿಕೊಳ್ಳುವ ನಾಚಿಕೆ ಎಷ್ಟು ಎಂದು ಆ ಅಂಕಿಯೊಂದರಿಂದಲೇ ಬಿಡಿಸಲು ಬರುವುದಿಲ್ಲ.

ಒಂದೇ ಸಮೀಕ್ಷೆಯೊಳಗೂ ಈ ದಿಕ್ಕು ಬದಲಾಗುತ್ತದೆ. ಅಮೆರಿಕದ ಪ್ಯೂ ಸಂಶೋಧನಾ ಸಂಸ್ಥೆ 2019ರ ಕೊನೆಯಿಂದ 2020ರ ಮಾರ್ಚಿನವರೆಗೆ 29,999 ಭಾರತೀಯರನ್ನು ಮಾತಾಡಿಸಿತು. ಪರಿಶಿಷ್ಟ ಜಾತಿಗೆ ಸೇರದವರಲ್ಲಿ ಶೇ 72 ಜನ, ಪರಿಶಿಷ್ಟ ಜಾತಿಯವರು ನೆರೆಯವರಾದರೆ ಒಪ್ಪುತ್ತೇವೆ ಎಂದರು. ತಮ್ಮ ಸಮುದಾಯದ ಹೆಂಗಸರು ಬೇರೆ ಜಾತಿಯಲ್ಲಿ ಮದುವೆಯಾಗುವುದನ್ನು ತಡೆಯುವುದು ಬಹಳ ಮುಖ್ಯ ಎಂದವರು ಶೇ 64. ನೆರೆಯ ಪ್ರಶ್ನೆಗೆ ಒಳ್ಳೆಯ ಉತ್ತರ ಯಾವುದೆಂದು ಎಲ್ಲರಿಗೂ ಗೊತ್ತು. ಮದುವೆಯ ಪ್ರಶ್ನೆಯಲ್ಲಿ ತಡೆಯುವುದೇ ಒಳ್ಳೆಯ ಉತ್ತರ.

ಹಾಗಾದರೆ ಸಮೀಕ್ಷೆಯನ್ನೇ ಬಿಟ್ಟು ಹಳ್ಳಿಯಲ್ಲಿ ವರ್ಷಗಟ್ಟಲೆ ಕೂರೋಣ ಎನ್ನುವ ಮಾನವಶಾಸ್ತ್ರದ ಗೆಳೆಯರಿದ್ದಾರೆ. ಮಾನವಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರ ನಾಡಿನಲ್ಲಿ ಆ ಮಾತಿಗೆ ಬೆಲೆಯಿದೆ. ಆ ಗೆಳೆಯರ ಕೈಯಲ್ಲಿ ಒಳ್ಳೆಯ ಸಾಕ್ಷಿಗಳೂ ಇವೆ. ರಿಚರ್ಡ್ ಲಾಪಿಯರ್ 1930ರ ದಶಕದ ಆರಂಭದಲ್ಲಿ ಚೀನೀ ದಂಪತಿಯ ಜೊತೆ ಅಮೆರಿಕ ಸುತ್ತಿದಾಗ 251 ಹೋಟೆಲು, ತಂಗುದಾಣಗಳಲ್ಲಿ ಒಂದು ಮಾತ್ರ ಬಾಗಿಲು ಹಾಕಿತು. ಆಮೇಲೆ ಪತ್ರ ಬರೆದು ಕೇಳಿದರೆ ಉತ್ತರಿಸಿದವರಲ್ಲಿ ಶೇ 90ಕ್ಕೂ ಹೆಚ್ಚು ಮಾಲೀಕರು ಚೀನೀಯರನ್ನು ಸೇರಿಸುವುದಿಲ್ಲ ಎಂದರು. ಪಂಜಾಬಿನ ಖನ್ನಾ ಜನಸಂಖ್ಯಾ ಅಧ್ಯಯನದಲ್ಲಿ ಸಂತಾನ ನಿಯಂತ್ರಣದ ಮಾತ್ರೆಗಳನ್ನು ಹಳ್ಳಿಗರು ಮನೆಗೆ ಬಂದವರ ಮನಸ್ಸು ನೋಯಿಸಬಾರದೆಂದು ತೆಗೆದುಕೊಂಡು ಸುಮ್ಮನೆ ಇಟ್ಟಿದ್ದನ್ನು ಮಹಮೂದ್ ಮಮ್ದಾನಿ 1972ರಲ್ಲಿ ಬರೆದರು. ಎರಡೂ ನಿಜ. ಆದರೆ ಒಂದು ಊರನ್ನು ಎಷ್ಟೇ ಆಳವಾಗಿ ಬಲ್ಲವರೂ ಅಡುಗೆಮನೆಯ ನಿಷೇಧ ರಾಜ್ಯದ ಎಷ್ಟು ಮನೆಗಳಲ್ಲಿದೆ ಎಂದು ಹೇಳಲಾರರು. ಎಣಿಸುವ ಕೆಲಸವನ್ನು ಎಣಿಸಿಯೇ ಮಾಡಬೇಕು.

ಅದಕ್ಕೆ ದಾರಿ ಹೊಸದೇನಲ್ಲ. ಬಂಗಾಳದ ಸೆಣಬಿನ ಬೆಳೆ ಅಂದಾಜಿನ ಕಾಲದಲ್ಲೇ ಮಹಾಲನೋಬಿಸ್ ಒಂದೇ ಪ್ರದೇಶದಿಂದ ಪರಸ್ಪರ ಹೆಣೆದ ಎರಡು ಉಪಮಾದರಿ ತೆಗೆದು, ಎರಡು ಸ್ವತಂತ್ರ ತಂಡಗಳಿಗೆ ಒಪ್ಪಿಸುತ್ತಿದ್ದರು. ತಂಡಗಳ ಫಲಿತಾಂಶದಲ್ಲಿ ಬರುವ ವ್ಯತ್ಯಾಸ ನೋಡಿ ಕ್ಷೇತ್ರಕಾರ್ಯದ ದೋಷ ಹಿಡಿಯುತ್ತಿದ್ದರು. ಇದನ್ನೇ ಧೋರಣೆಯ ಸಮೀಕ್ಷೆಗೆ ತನ್ನಿ. ಒಂದೇ ತಾಲ್ಲೂಕಿನಲ್ಲಿ ಒಂದು ತಂಡ ಊರಿನವರದ್ದೇ ಆಗಿರಲಿ, ಇನ್ನೊಂದು ಹೊರಗಿನದಾಗಿರಲಿ. ಒಂದು ಕಡೆ ದಲಿತ ಸಂದರ್ಶಕರು, ಇನ್ನೊಂದು ಕಡೆ ಇತರರು ಹೋಗಲಿ. ಒಂದು ಉಪಮಾದರಿಯಲ್ಲಿ ಉತ್ತರ ಬಾಯಲ್ಲಿ, ಇನ್ನೊಂದರಲ್ಲಿ ಸಿಎಸ್‌ಡಿಎಸ್‌ನವರು ಮತದ ಪ್ರಶ್ನೆಗೆ ಮಾಡುವ ಹಾಗೆ ಚೀಟಿ ಬರೆದು ಡಬ್ಬಿಗೆ ಹಾಕಿಸಿ. ಎರಡು ಅಂಕಿಗಳ ಅಂತರ ಎತ್ತ ವಾಲುತ್ತದೋ ನಾಚಿಕೆ ಅತ್ತ ಇದೆ ಎಂದು ತಿಳಿಯುತ್ತದೆ. ಖರ್ಚು ಹೆಚ್ಚು ಎನ್ನುವವರಿಗೆ ನನ್ನ ಉತ್ತರ: ಮಾದರಿಯನ್ನು ಅರ್ಧಕ್ಕೆ ಇಳಿಸಿಯಾದರೂ ಇದನ್ನು ಮಾಡಿ.

ಈ ದತ್ತಿಯ ಬಡ್ಡಿಯಲ್ಲಿ ಪ್ರತಿವರ್ಷ ಒಬ್ಬ ಸಂಶೋಧನಾ ವಿದ್ಯಾರ್ಥಿಗೆ ನೆರವು ಕೊಡುವ ಯೋಚನೆಯಿದೆ ಎಂದು ದತ್ತಿಯನ್ನು ಸ್ಥಾಪಿಸಿದ ಕುಟುಂಬದವರು ಆಗಲೇ ಹೇಳಿದರು. ಅವರಲ್ಲಿ ನನ್ನದು ಎರಡು ವಿನಂತಿ. ನೆರವು ಪಡೆದವರು ಹೊಸ ಜಿಲ್ಲೆ ಹುಡುಕುವ ಬದಲು ಒಂದೇ ತಾಲ್ಲೂಕಿಗೆ ಎರಡು ತಂಡ ಕಳಿಸಲಿ. ಮತ್ತು ಕ್ಷೇತ್ರದಲ್ಲಿ ಕೇಳಿದ ಕನ್ನಡ ಪ್ರಶ್ನೆಗಳನ್ನು, ಪಕ್ಕದಲ್ಲಿ ಯಾರಿದ್ದರು ಎಂಬ ದಾಖಲೆಯ ಸಮೇತ, ವರದಿಯ ಮೊದಲ ಪುಟಗಳಲ್ಲೇ ಅಚ್ಚು ಹಾಕಲಿ.